ಜನವರಿಯಲ್ಲಿ ಎಲ್ಲಿ ಹೋಗಿದ್ದೆ?

14 ಆಗಸ್ಟ್ 2025, ಗುರುವಾರ
ಓಯೋಸ್, ಸಿಯೆರಾ ದೆ ಗಾತಾ

ಇವತ್ತು ಪಕ್ಕದ ಮನೆಯ ಅಜ್ಜಿಯ ಕೈಲಿ ಚೆನ್ನಾಗಿ ಬೈಸಿಕೊಂಡೆ.

ತಪ್ಪು ನನ್ನದೇ. ಈ ತಿಂಗಳ 3ರಿಂದ ಸ್ಪೇನಿನಲ್ಲಿ ಬಿಸಿಗಾಳಿ ಬಿಟ್ಟಿಲ್ಲ. ಮೊನ್ನೆ ಹರೀಯಾ ಹತ್ತಿರ ಸಿಡಿಲು ಬಡಿದು ಕಾಡಿಗೆ ಬೆಂಕಿ ಬಿದ್ದಿದೆ, ಇನ್ನೂ ಆರಿಲ್ಲ. ನಮ್ಮಿಂದ ದೂರ, ನಿಜ. ಆದರೂ ರಾತ್ರಿ ಎರಡು ಸಲ ಎದ್ದು ಕಿಟಕಿಯಲ್ಲಿ ಗಾಳಿ ಮೂಸಿ ನೋಡಿದೆ. ಬೆಳಗಾದರೆ ಬೇಲಿಯಾಚೆಯ ಒಣಹುಲ್ಲೇ ಕಣ್ಣಿಗೆ. ಸೊಂಟದೆತ್ತರ ಇದೆ. ಆ ಜಾಗದವರು ಇರುವುದು ಮ್ಯಾಡ್ರಿಡ್‌ನಲ್ಲಿ. ನಾನೇ ಸವರಿಬಿಡೋಣ ಅಂತ ವೀಡ್ ಕಟರ್ ಹೆಗಲಿಗೇರಿಸಿದೆ. ಆಗ ಹನ್ನೊಂದು ಗಂಟೆ.

ಸ್ಟಾರ್ಟ್ ಆಗಿತ್ತಷ್ಟೆ. ಪಕ್ಕದ ಮನೆಯ ಕಿಟಕಿ ದಡಾರನೆ ತೆರೆಯಿತು.

"ಈಹಾ! ಆರಿಸು ಅದನ್ನ!"

ಈಹಾ ಅಂದರೆ ಮಗಳೇ. ಸಿಟ್ಟಲ್ಲೂ ಹಾಗೇ ಕರೆಯುತ್ತಾರೆ. ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಬಂದವರು ಹುಲ್ಲು ಸರಿಸಿ ತೋರಿಸಿದರು. ಬುಡದ ತುಂಬ ಕಲ್ಲು, ಹಳೇ ಗೋಡೆ ಕುಸಿದದ್ದು. "ಬ್ಲೇಡು ಇದಕ್ಕೆ ತಾಗಿದರೆ ಕಿಡಿ. ಆಮೇಲೆ ನೀನು ಓಡ್ತೀಯಾ, ನಾನು ಓಡ್ತೀನಾ? ಜನವರಿಯಲ್ಲಿ ಎಲ್ಲಿ ಹೋಗಿದ್ದೆ?"

ಜನವರಿಯಲ್ಲಿ ಒಲೆ ಮುಂದೆ ಕಾಲು ಚಾಚಿ ಕೂತಿದ್ದೆ. ಹೇಳಲಿಲ್ಲ.

ಬೈದಾದ ಮೇಲೆ ನೆರಳಲ್ಲಿ ಕೂತು ಮಾತಾಡಿದರು. 2015ರ ಆಗಸ್ಟಿನಲ್ಲಿ ಈ ಊರನ್ನೇ ಖಾಲಿ ಮಾಡಿಸಿದ್ದರು, ಪಕ್ಕದ ಅಸೆಬೊ, ಪೆರಾಲೆಸ್‌ಗಳನ್ನೂ. ಸುಮಾರು 8,000 ಹೆಕ್ಟೇರ್ ಸುಟ್ಟುಹೋಯಿತು. ಹೊರಡುವಾಗ ಅಜ್ಜಿ ದೊಡ್ಡಿಯ ಬಾಗಿಲು ತೆರೆದಿಟ್ಟರಂತೆ. ಹದಿನೇಳು ಆಡು. ವಾಪಸ್ ಬಂದರೆ ಹದಿನಾರು ಅಂಗಳದಲ್ಲೇ ನಿಂತಿದ್ದವು. ಇನ್ನೊಂದರ ಸುದ್ದಿ ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಮೊದಲೆಲ್ಲ ಆಡುಗಳೇ ಪೊದೆ ಮೇಯ್ದು ಬೆಟ್ಟ ಬೋಳು ಮಾಡಿಡುತ್ತಿದ್ದವು. ಹುಡುಗರು ಪಟ್ಟಣ ಸೇರಿದರು, ಬಿಟ್ಟ ಜಮೀನಲ್ಲಿ ಪೈನ್ ಎದ್ದಿತು. ಆ ಬೆಂಕಿಯ ಮರುವರ್ಷ ಎಕ್ಸ್ತ್ರೆಮದೂರಾ ವಿಶ್ವವಿದ್ಯಾಲಯದವರು ಮೊಸೈಕೊ ಅಂತ ಯೋಜನೆ ತಂದರು. ಆಡು ಸಾಕುವವರು, ಆಲಿವ್ ಬೆಳೆಯುವವರು, ಪೈನ್ ಅಂಟು ತೆಗೆಯುವವರು ನಡುನಡುವೆ ಇದ್ದರೆ ಕಾಡು ಒಂದೇ ಸಮ ಹಬ್ಬುವುದಿಲ್ಲ, ಬೆಂಕಿಗೂ ಅಲ್ಲಲ್ಲಿ ತಡೆ. ಅಜ್ಜಿ ಕಿಸಕ್ಕನೆ ನಕ್ಕರು. "ನಮ್ಮಪ್ಪ ಮಾಡ್ತಿದ್ದದ್ದಕ್ಕೆ ಈಗ ಹೆಸರಿಟ್ಟಿದ್ದಾರೆ!"

ಶಿರಸಿಯಲ್ಲಿ ಅಮ್ಮ ಬೇಸಿಗೆಯಿಡೀ ಬೆಟ್ಟದಿಂದ ದರಕು, ಅಂದರೆ ಉದುರಿದ ಒಣಎಲೆ, ಗುಡಿಸಿ ತರುತ್ತಿದ್ದಳು. ಕೊಟ್ಟಿಗೆಗೆ, ಗೊಬ್ಬರಕ್ಕೆ ಅಂತಷ್ಟೇ ಅಂದುಕೊಂಡಿದ್ದೆ. ಒಣಎಲೆ ಇಲ್ಲದ ಕಡೆ ಬೆಂಕಿ ತಾನೇ ಏನು ತಿನ್ನುತ್ತೆ, ಅಲ್ವಾ? ಅಮ್ಮನಿಗೆ ಇದು ಗೊತ್ತಿತ್ತಾ ಅಂತ ಕೇಳಬೇಕು. ಈಗ ಅಲ್ಲಿ ನಡುರಾತ್ರಿ, ಮಳೆ ಸದ್ದಲ್ಲಿ ಫೋನೂ ಕೇಳಿಸಲಿಕ್ಕಿಲ್ಲ.

ಇವರು ಊಟಕ್ಕೆ ಕರೆಯುತ್ತಿದ್ದಾರೆ. ಸೆಕೆಗೆ ಹಸಿವೇ ಇಲ್ಲ, ಮಜ್ಜಿಗೆ ಸಾಕು.

ಅಯ್ಯೋ, ವೀಡ್ ಕಟರ್ ಇನ್ನೂ ಆ ಹುಲ್ಲಿನಲ್ಲೇ ಇದೆ. ಟ್ಯಾಂಕ್ ತುಂಬ ಪೆಟ್ರೋಲು...