ಆ ಒಂದು ಹೆಚ್ಚಿನ ವರ್ಣತಂತು ಎಲ್ಲಿಂದ ಬಂತು?

ಮಗಳಿಗೆ ಡೌನ್ ಸಿಂಡ್ರೋಮ್ ಇದೆ ಅಂತ ಗೊತ್ತಾದ ರಾತ್ರಿ ನನ್ನ ತಲೆಯಲ್ಲಿ ಓಡಿದ್ದು ಒಂದೇ ಯೋಚನೆ. ಬಸುರಿಯಾಗಿದ್ದಾಗ ಕುಡಿದ ನೀರಲ್ಲಿ ಸೀಸ ಇತ್ತಾ? ತಿಂದ ಮೀನಲ್ಲಿ ಪಾದರಸ ಇತ್ತಾ? ಗೋಡೆಯ ಹಳೇ ಪೇಂಟ್ ಕೆರೆಸಿದಾಗ ಎದ್ದ ಧೂಳು ಕೂಡ ನೆನಪಾಯಿತು. ಇದೇ ಪ್ರಶ್ನೆ ಹೊತ್ತು ಕೂತ ಅಮ್ಮಂದಿರು ಇನ್ನೂ ಇರುತ್ತಾರೆ ಅಲ್ವಾ, ಅವರಿಗಾಗಿ ಬರೆಯುತ್ತಿದ್ದೇನೆ.

ವರ್ಣತಂತು ಅಂದರೆ ಕ್ರೋಮೋಸೋಮ್, ಜೀವಕೋಶದೊಳಗೆ ವಂಶವಾಹಿಗಳನ್ನು ಹೊತ್ತ ಎಳೆ. ನನ್ನ ಮಗಳ ಜೀವಕೋಶಗಳಲ್ಲಿ 46ರ ಬದಲು 47 ವರ್ಣತಂತುಗಳಿವೆ, 21ನೆಯದು ಎರಡಿರಬೇಕಾದಲ್ಲಿ ಮೂರಿದೆ. ಡೌನ್ ಸಿಂಡ್ರೋಮ್‌ಗೆ ಕಾರಣ ಇದೇ ಅಂತ 1959ರಲ್ಲೇ ಪತ್ತೆ ಮಾಡಿದರು. ಹೆಚ್ಚಿನ ಸಲ ಈ ತಪ್ಪು ಆಗುವುದು ಅಂಡಾಣು ತಯಾರಾಗುವಾಗ, ಬೇರೆಯಾಗಬೇಕಿದ್ದ ಜೋಡಿ ಬೇರೆಯಾಗದೆ ಒಂದೇ ಕಡೆ ಉಳಿದುಬಿಡುತ್ತದೆ. ಅಂದರೆ ನಾನು ಐದನೇ ತಿಂಗಳಲ್ಲಿ ಏನೇ ಕುಡಿದಿದ್ದರೂ ಅಷ್ಟರಲ್ಲಿ ಅದು ಆಗಿಹೋಗಿತ್ತು. ಇದು ಅರ್ಥವಾದ ದಿನ ತುಂಬಾ ಅತ್ತೆ.

ಹಾಗಾದರೆ ಅದಕ್ಕೂ ಮೊದಲು ದೇಹ ಸೇರಿದ ಲೋಹ? ಕೇಳಲೇಬೇಕಾದ ಪ್ರಶ್ನೆ. ಹೆಣ್ಣಿನ ಅಂಡಾಣುಗಳು ಅವಳು ಇನ್ನೂ ತನ್ನ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ವಿಭಜನೆ ಶುರು ಮಾಡಿ, ಅರ್ಧಕ್ಕೆ ನಿಂತು, ವರ್ಷಗಟ್ಟಲೆ ಹಾಗೇ ಕಾಯುತ್ತವೆ. ಆ ವರ್ಷಗಳಲ್ಲೇ ಕ್ಯಾಡ್ಮಿಯಂ ಅನ್ನುವ ವಿಷಲೋಹ ಮೂತ್ರಪಿಂಡದಲ್ಲಿ, ಸೀಸ ಮೂಳೆಯಲ್ಲಿ ಸೇರಿಕೊಳ್ಳುತ್ತಾ ಹೋಗುತ್ತವೆ. ಕ್ಯಾಡ್ಮಿಯಂ ಕೊಟ್ಟ ಇಲಿಗಳ ಅಂಡಾಣುಗಳಲ್ಲಿ ವರ್ಣತಂತುಗಳ ಹಂಚಿಕೆ ತಪ್ಪಿದ್ದು ಪ್ರಯೋಗಗಳಲ್ಲಿ ಕಂಡಿದೆ. ಆದರೆ ಮನುಷ್ಯರಲ್ಲಿ ಲೋಹದಿಂದಲೇ ಡೌನ್ ಸಿಂಡ್ರೋಮ್ ಬರುತ್ತದೆ ಅಂತ ಸಾಬೀತಾಗಿಲ್ಲ. ಗಟ್ಟಿಯಾಗಿ ಗೊತ್ತಿರುವುದು ತಾಯಿಯ ವಯಸ್ಸಿನ ನಂಟು: 25ರಲ್ಲಿ ಸುಮಾರು 1,200 ಮಕ್ಕಳಲ್ಲಿ ಒಂದಕ್ಕೆ, 40ರಲ್ಲಿ ಸುಮಾರು 100ರಲ್ಲಿ ಒಂದಕ್ಕೆ.

ಹಾಗಂತ ಲೋಹಗಳನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಜಪಾನಿನ ಮಿನಮಾಟಾದಲ್ಲಿ ಪಾದರಸ ಸೇರಿದ ಮೀನು ತಿಂದ ಎಷ್ಟೋ ಬಸುರಿಯರು ಚೆನ್ನಾಗೇ ಕಾಣುತ್ತಿದ್ದರು, ಆದರೆ ಹುಟ್ಟಿದ ಮಕ್ಕಳ ಮಿದುಳು ಹಾಳಾಗಿತ್ತು. ವರ್ಣತಂತು ಸರಿಯಿದ್ದ ಮಕ್ಕಳಿಗೂ ಹೀಗಾಯಿತು. ಸೀಸವೂ ಅಷ್ಟೇ, ಬಸಿರಿನಲ್ಲಿ ತಾಯಿಯ ಮೂಳೆಯಿಂದ ರಕ್ತಕ್ಕಿಳಿದು ಮಗುವಿಗೆ ದಾಟುತ್ತದೆ.

ನನಗೆ ಸಿಟ್ಟು ಬರುವುದು ಇಲ್ಲಿ. ದೇಹದಲ್ಲಿರುವ ಲೋಹ ತೆಗೆದರೆ ಮಗು ಸರಿಹೋಗುತ್ತದೆ ಅಂತ ಒಬ್ಬರು ನಮಗೆ ಚಿಕಿತ್ಸೆ ಹೇಳಿದ್ದರು. ಲೋಹ ಹೊರಹಾಕುವ ಔಷಧ ಇರುವುದು ನಿಜವಾಗಿ ಲೋಹದ ವಿಷ ಏರಿದವರಿಗೆ. ಸುಮ್ನೆ ಕೊಟ್ಟರೆ, ಅದರಲ್ಲೂ ತಪ್ಪು ಔಷಧ ಕೊಟ್ಟರೆ, ರಕ್ತದ ಕ್ಯಾಲ್ಸಿಯಂ ಕುಸಿದು ಜೀವವೇ ಹೋಗಬಹುದು, ಹೋಗಿದೆ ಕೂಡ. ಮೈತುಂಬ ಇರುವ ವರ್ಣತಂತುವನ್ನು ಯಾವ ಔಷಧ ತೊಳೆದು ತೆಗೆಯುತ್ತದೆ?

ನಾವು ಅವರ ಹತ್ತಿರ ಮತ್ತೆ ಹೋಗಲಿಲ್ಲ. ಮಗಳ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಮಾತ್ರ ಪರೀಕ್ಷೆ ಮಾಡಿಸಿದೆವು, ಯಾಕಂದರೆ ಅವಳು ಈಗಲೂ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾಳೆ.