ಎಷ್ಟನೇ ನಂಬರು, ಪುಟ್ಟಿ?

ಕಳೆದ ವಾರ ವಿಡಿಯೋ ಕಾಲ್‌ನಲ್ಲಿ ಮಗಳು ಹಾಸನದಲ್ಲಿರುವ ನಮ್ಮಪ್ಪನಿಗೆ ಕೊರಳಲ್ಲಿದ್ದ ಪದಕ ತೋರಿಸಿದಳು. ಸ್ಕೀ ಓಟದ್ದು. ಅಪ್ಪ ಕನ್ನಡಕ ಏರಿಸಿಕೊಂಡು, "ಭೇಷ್! ಎಷ್ಟನೇ ನಂಬರು ಪುಟ್ಟಿ?" ಎಂದರು.

"47" ಎಂದಳು. ಎದೆಗೆ ಕಟ್ಟಿದ್ದ ಚೀಟಿಯ ನಂಬರು ಅದು.

"ಅದಲ್ಲ, ಫಸ್ಟ್ ಬಂದ್ಯಾ, ಸೆಕೆಂಡಾ?"

"ಎಲ್ಲರಿಗೂ ಕೊಟ್ಟರು ಅಜ್ಜ. ನಾನು ಮುಗಿಸೋ ಹೊತ್ತಿಗೆ ವಾಫಲ್ ಖಾಲಿ ಆಗಿತ್ತು, ಅದೇ ಬೇಜಾರು."

ಅವಳು ಆಟಕ್ಕೆ ಎದ್ದು ಹೋದ ಮೇಲೆ ಅಪ್ಪ ದನಿ ತಗ್ಗಿಸಿ ನನಗೆ ಹೇಳಿದರು: "ಎಲ್ಲರಿಗೂ ಕೊಟ್ಟರೆ ಅದು ಪದಕ ಹೇಗಾಗುತ್ತದೆ? ಪ್ರಸಾದ ಆಗುತ್ತದೆ."

ನಗು ಬಂತು. ಆಮೇಲೆ ಯಾಕೋ ಆ ಮಾತು ತಲೆಯಿಂದ ಹೋಗಲೇ ಇಲ್ಲ.

ಅಪ್ಪನ ತಪ್ಪೂ ಅಲ್ಲ. ಅವರು ಪದಕದ ಗುಂಗಿನಲ್ಲೇ ಇದ್ದಾರೆ. 2025ರ ಉತ್ತರಾಖಂಡದ ನ್ಯಾಷನಲ್ ಗೇಮ್ಸ್‌ನಲ್ಲಿ ನಮ್ಮ ಬೆಂಗಳೂರಿನ ಹುಡುಗಿ ಧಿನಿಧಿ ದೇಸಿಂಗು ಈಜಿನಲ್ಲಿ 9 ಚಿನ್ನ, ಒಂದು ಬೆಳ್ಳಿ, ಒಂದು ಕಂಚು ಬಾಚಿಕೊಂಡು ಬಂದಳಲ್ಲ, ಆಗಿನ್ನೂ 14 ವರ್ಷದ ಹುಡುಗಿ. ಶ್ರೀಹರಿ ನಟರಾಜ್ ಕೂಡ 9 ಚಿನ್ನ, ಒಂದು ಬೆಳ್ಳಿ. ಅಪ್ಪ ಪೇಪರನ್ನು ಹಿಂದಿನ ಪುಟದಿಂದ ಓದುವವರು. ಅಮೆರಿಕದ ಈಜುಗಾರ ಫೆಲ್ಪ್ಸ್‌ಗೆ ಒಲಿಂಪಿಕ್ಸ್‌ನಲ್ಲಿ 28 ಪದಕ, ಪಿ.ಟಿ. ಉಷಾಗೆ 1986ರ ಸಿಯೋಲ್ ಏಷ್ಯನ್ ಗೇಮ್ಸ್‌ನಲ್ಲಿ 4 ಚಿನ್ನ ಒಂದು ಬೆಳ್ಳಿ, ಇದೆಲ್ಲ ಅವರಿಗೆ ಮಗ್ಗಿಯ ಹಾಗೆ ಬಾಯಿಪಾಠ. ಉಷಾ ರಿಲೇ ಚಿನ್ನ ಗೆದ್ದ ತಂಡದಲ್ಲಿ ನಮ್ಮ ವಂದನಾ ರಾವ್ ಇದ್ದರು ಅನ್ನೋದನ್ನ ಸೇರಿಸದೆ ಅವರು ಆ ಸುದ್ದಿ ಮುಗಿಸುವುದೇ ಇಲ್ಲ.

ನಾವಿರುವುದು ನಾರ್ವೆಯ ಟ್ರೊಂಡ್‌ಹೈಮ್‌ನಲ್ಲಿ. ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ, ರಿಟೈರ್ಡ್ ನರ್ಸ್. ಎಪ್ಪತ್ತು ದಾಟಿದೆ, ಈಗಲೂ ನನಗಿಂತ ಜೋರಾಗಿ ಸ್ಕೀ ಮಾಡುತ್ತಾರೆ (ಅದೇನು ಮಹಾ ಅನ್ನಬೇಡಿ, ನನಗಿಂತ ಜೋರಾಗಿ ಈ ಊರಿನ ನಾಯಿಗಳೂ ಹೋಗುತ್ತವೆ). ಮೆಟ್ಟಿಲಲ್ಲಿ ಸಿಕ್ಕಾಗ ಅಪ್ಪನ ಪ್ರಸಾದದ ಮಾತನ್ನು ಅವರಿಗೆ ಹೇಳಿದೆ. ಮೊದಲು ಜೋರಾಗಿ ನಕ್ಕರು. ಆಮೇಲೆ ಗಂಭೀರವಾದರು. "ಎಂಟು ವರ್ಷದ ಮಗುವನ್ನು ಎಷ್ಟನೆಯವಳಾಗಿ ಬಂದೆ ಅಂತ ಕೇಳಬಾರದು. ಮುಂದಿನ ಚಳಿಗಾಲಕ್ಕೂ ಅದು ಓಡೋಕೆ ಬರಬೇಕಲ್ಲ?"

ಇದು ಬರೀ ಅಜ್ಜಿಯ ಅಭಿಪ್ರಾಯ ಅಲ್ಲ, ಇಲ್ಲಿಯ ಕ್ರೀಡಾ ಒಕ್ಕೂಟದ ನಿಯಮ. ಮಕ್ಕಳಿಗೆ 11 ಆಗುವ ತನಕ ಫಲಿತಾಂಶದ ಪಟ್ಟಿಯಿಲ್ಲ, ರ‍್ಯಾಂಕಿಲ್ಲ. 13ರ ತನಕ ರಾಷ್ಟ್ರೀಯ ಚಾಂಪಿಯನ್‌ಷಿಪ್ ಇಲ್ಲ. 12ರವರೆಗೆ ಬಹುಮಾನ ಕೊಡುವುದಾದರೆ ಎಲ್ಲರಿಗೂ ಕೊಡಬೇಕು. 1987ರಲ್ಲೇ ಮಕ್ಕಳ ಆಟಕ್ಕೆ ಅಂತ ಪ್ರತ್ಯೇಕ ನಿಯಮ ಮಾಡಿಕೊಂಡವರು ಇವರು. ಕ್ಲಬ್ ನಡೆಯುವುದು ಅಪ್ಪ ಅಮ್ಮಂದಿರ ಬಿಟ್ಟಿ ಕೆಲಸದಿಂದ. ಒಬ್ಬರು ಟ್ರ್ಯಾಕ್ ಕಾಯಬೇಕು, ಒಬ್ಬರು ವಾಫಲ್ ಹುಯ್ಯಬೇಕು.

ಸರಿ, ಎಣಿಸದ ಜನ ಅಂದುಕೊಂಡೆ. ಹಾಗಂದುಕೊಂಡು ಅಜ್ಜಿಯನ್ನು ಸುಮ್ನೆ ಕೇಳಿದೆ, "ಹಾಗಾದರೆ ನೀವ್ಯಾರೂ ಪದಕ ಲೆಕ್ಕ ಹಾಕೋದೇ ಇಲ್ವಾ?"

ಕೇಳಿದ್ದೇ ತಡ. ಮಾರಿಟ್ ಬ್ಯೋರ್ಗೆನ್! ಇವರ ಸ್ಕೀ ಓಟಗಾರ್ತಿ. 8 ಚಿನ್ನ, 4 ಬೆಳ್ಳಿ, 3 ಕಂಚು, ಒಟ್ಟು 15. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಗಂಡಾಗಲಿ ಹೆಣ್ಣಾಗಲಿ ಅಷ್ಟು ಪದಕ ಇನ್ಯಾರಿಗೂ ಇಲ್ಲ. ಈ ಊರಿನ ದಕ್ಷಿಣಕ್ಕಿರುವ ರೋಗ್ನೆಸ್ ಅನ್ನೋ ಹಳ್ಳಿಯ ಹೆಣ್ಣುಮಗಳು. 2002ರಲ್ಲಿ ರಿಲೇಯಲ್ಲಿ ಒಂದು ಬೆಳ್ಳಿ, 2006ರಲ್ಲಿ ಇನ್ನೊಂದು ಬೆಳ್ಳಿ, ಅಷ್ಟೇ. ಮೊದಲ ಚಿನ್ನ ಬರೋ ಹೊತ್ತಿಗೆ ಅವಳಿಗೆ ಮೂವತ್ತು ಹತ್ತಿರ. 2010ರ ವ್ಯಾಂಕೂವರ್‌ನಲ್ಲಿ ಒಟ್ಟಿಗೆ ಮೂರು ಚಿನ್ನ, 2014ರಲ್ಲಿ ಮತ್ತೆ ಮೂರು. 2015ರ ಕೊನೆಗೆ ಮಗ ಹುಟ್ಟಿದ. ಮುಗೀತು ಅಂದುಕೊಂಡರು. 2017ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನಾಲ್ಕು ಚಿನ್ನ ಹೊಡೆದಳು. 2018ರಲ್ಲಿ, 37ನೇ ವಯಸ್ಸಿಗೆ, ಪ್ಯೊಂಗ್‌ಚಾಂಗ್‌ನಲ್ಲಿ ಐದು ಪದಕ. ಇಡೀ ಕೂಟದ ಕೊನೇ ಸ್ಪರ್ಧೆ 30 ಕಿಲೋಮೀಟರ್. ಅದರಲ್ಲಿ ಎರಡನೆಯವಳಿಗಿಂತ ಒಂದೂಮುಕ್ಕಾಲು ನಿಮಿಷ ಮುಂಚೆ ಬಂದು ನಿಂತಳು. ಅಜ್ಜಿ ಇದನ್ನು ಹೇಳುವಾಗ ಕೈಯಲ್ಲಿದ್ದ ಹಾಲಿನ ಡಬ್ಬ ಮೆಟ್ಟಿಲ ಮೇಲಿಟ್ಟು ಎರಡೂ ಕೈ ಬೀಸಿ ತೋರಿಸಿದರು.

ಅಂದರೆ ದೊಡ್ಡವರಾದ ಮೇಲೆ ಎಣಿಸಬಹುದು. ಸೆಕೆಂಡ್ ಸಮೇತ! ಪೈಪೋಟಿಗೆ ಸ್ವೀಡನ್ ಪಕ್ಕದಲ್ಲಿದ್ದರೆ ಇನ್ನೂ ಜಾಸ್ತಿ ಎಣಿಸಬಹುದು ಅಂತ ಕಾಣುತ್ತೆ. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 2018ರಲ್ಲಿ ಇವರಿಗೆ 39 ಪದಕ, 2022ರಲ್ಲಿ 16 ಚಿನ್ನ. ಜನಸಂಖ್ಯೆ 55 ಲಕ್ಷ, ನಮ್ಮ ಬೆಂಗಳೂರಿಗಿಂತ ಎಷ್ಟೋ ಕಡಿಮೆ. ಚಿಕ್ಕವರಿದ್ದಾಗ ಎಣಿಸದಿದ್ದುದಕ್ಕೇ ಇಷ್ಟೆಲ್ಲ ಬಂತು ಅಂತ ಇಲ್ಲಿಯವರು ಹೇಳುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಆರು ತಿಂಗಳು ಹಿಮ ಇದೆ, ಕಾಡಿನ ದಾರಿಗೂ ದೀಪ ಹಾಕಿಸಿದ್ದಾರೆ, ತೈಲದ ದುಡ್ಡಿದೆ. ಆದರೆ ಓಡೋ ಮಕ್ಕಳು ಬಿಟ್ಟು ಹೋಗುವುದಿಲ್ಲ ಅನ್ನೋದಂತೂ ಕಣ್ಣಿಗೆ ಕಾಣುತ್ತೆ.

ಬ್ಯೋರ್ಗೆನ್‌ಗಿಂತ ಮುಂಚಿನ ದೊಡ್ಡ ಹೆಸರು ಬ್ಯೋರ್ನ್ ದೆಲಿ, 12 ಪದಕ, ಅದರಲ್ಲಿ 8 ಚಿನ್ನ. ಅವನದೊಂದು ಕಥೆ ನನಗೆ ಇಷ್ಟ. 1998ರ ನಾಗಾನೊ ಒಲಿಂಪಿಕ್ಸ್‌ನಲ್ಲಿ 10 ಕಿಲೋಮೀಟರ್ ಗೆದ್ದ. ಅದೇ ಓಟದಲ್ಲಿ ಕೀನ್ಯಾದ ಫಿಲಿಪ್ ಬೋಯಿಟ್ ಇದ್ದ. ಹಿಮ ನೋಡಿಯೇ ಹೆಚ್ಚು ಕಾಲ ಆಗಿರಲಿಲ್ಲ ಅವನಿಗೆ. 92ನೆಯವನಾಗಿ, ಎಲ್ಲರಿಗಿಂತ ಕೊನೆಗೆ, ದೆಲಿ ಮುಗಿಸಿ ಇಪ್ಪತ್ತು ನಿಮಿಷ ಆದ ಮೇಲೆ ಬಂದ. ಪದಕ ಕೊಡೋಕೆ ಕರೀತಾ ಇದ್ದರೂ ದೆಲಿ ಹೋಗಲಿಲ್ಲ, ಗೆರೆಯ ಹತ್ತಿರವೇ ನಿಂತು ಕಾದು ಅವನನ್ನು ಅಪ್ಪಿಕೊಂಡ. ಬೋಯಿಟ್ ಆಮೇಲೆ ತನ್ನ ಮಗನಿಗೆ ದೆಲಿ ಅಂತಲೇ ಹೆಸರಿಟ್ಟ. (ಅದೇ ನಾಗಾನೊದಲ್ಲಿ ನಮ್ಮ ಶಿವ ಕೇಶವನ್ ಹದಿನಾರನೇ ವಯಸ್ಸಿಗೆ ಲೂಜ್‌ನಲ್ಲಿ, ಅಂದರೆ ಮಂಜುಗಡ್ಡೆಯ ಮೇಲೆ ಜಾರುಬಂಡಿ ಓಡಿಸುವ ಆಟದಲ್ಲಿ, ಇಳಿದಿದ್ದ. ಅಪ್ಪನಿಗೆ ಇದೂ ಗೊತ್ತು.)

ಹಾಗಂತ ಇವರೆಲ್ಲ ದೇವರುಗಳು ಅಂತ ಬರೆಯೋಕೆ ಹೊರಟಿಲ್ಲ. 2025ರಲ್ಲಿ ಇಲ್ಲಿ ನಮ್ಮೂರಲ್ಲೇ ಸ್ಕೀ ವಿಶ್ವ ಚಾಂಪಿಯನ್‌ಷಿಪ್ ಆಯಿತು. ಇದೇ ಊರಲ್ಲಿ ಬೆಳೆದ ಕ್ಲೇಬೊ ಓಡಿದ ಆರಕ್ಕೆ ಆರೂ ಚಿನ್ನ ಗೆದ್ದ. ಅವನ ಕೋಚ್ ಸ್ವಂತ ಅಜ್ಜ. ಅಪ್ಪನಿಗೆ ಇದನ್ನು ಹೇಳಿದ್ದಕ್ಕೆ, "ಆ ಅಜ್ಜ ನಂಬರ್ ಕೇಳ್ತಾ ಇರಲಿಲ್ವಂತಾ?" ಎಂದು ಚುಚ್ಚಿದರು. ಅದೇ ಕೂಟದಲ್ಲಿ ಸ್ಕೀ ಜಂಪಿಂಗ್‌ನ ನಾರ್ವೆ ತಂಡದವರು ಹೆಚ್ಚು ದೂರ ಹಾರಲಿ ಅಂತ ನಿಯಮ ಮೀರಿ ಉಡುಪಿಗೆ ಗಟ್ಟಿ ದಾರ ಸೇರಿಸಿ ಹೊಲಿದದ್ದು ವಿಡಿಯೋದಲ್ಲಿ ಸಿಕ್ಕಿಬಿತ್ತು. ತಂಡ ತಪ್ಪು ಒಪ್ಪಿಕೊಂಡಿತು. ಊರಿಗೆ ಊರೇ ನಾಚಿಕೊಂಡಿತ್ತು. ಅಜ್ಜಿ ಒಂದಷ್ಟು ದಿನ ಸ್ಕೀ ಸುದ್ದಿಯನ್ನೇ ಎತ್ತಲಿಲ್ಲ.

ನನಗೆ ನೆನಪಾಗುತ್ತಾ ಇರುವುದು ಬೇರೆ. ನಮ್ಮ ಹೈಸ್ಕೂಲು. ಪಿ.ಟಿ. ಪೀರಿಯಡ್ ಅಂದರೆ ಗಣಿತದ ಮೇಷ್ಟ್ರು ಬಂದು ಕೂರುವ ಪೀರಿಯಡ್. ವರ್ಷಕ್ಕೊಮ್ಮೆ ವಲಯ ಮಟ್ಟದ ಕ್ರೀಡಾಕೂಟ ಬಂದಾಗ ಮಾತ್ರ ಮೈದಾನಕ್ಕೆ ಸುಣ್ಣದ ಗೆರೆ. ಯಾರನ್ನು ಕಳಿಸೋದು ಅಂತ ಒಂದು ಸಲ ಓಡಿಸುತ್ತಿದ್ದರು. ಮೂರರೊಳಗೆ ಬಂದವರು ಆ ಕಡೆ, ಮಿಕ್ಕವರು ಕ್ಲಾಸಿಗೆ. ನಾನು ಪ್ರತಿ ಸಲವೂ ಕ್ಲಾಸಿಗೆ. ಎಂಟನೇ ಕ್ಲಾಸಿನ ನಂತರ ನಾನು ಓಡಿಯೇ ಇಲ್ಲ, ಬಸ್ಸಿಗೆ ಬಿಟ್ಟರೆ.

ಆ ಕಡೆ ಹೋದವಳು ನನ್ನ ಪಕ್ಕದ ಬೆಂಚಿನ ಗೆಳತಿ. 100, 200, ಲಾಂಗ್ ಜಂಪ್, ರಿಲೇ, ಮುಟ್ಟಿದ್ದೆಲ್ಲ ಫಸ್ಟ್. ಬರಿಗಾಲಲ್ಲಿ. ಸತತವಾಗಿ ವೀರಾಗ್ರಣಿ, ಆ ಮೈಕಿನಲ್ಲಿ ಅವಳ ಹೆಸರು ಎಳೆದೆಳೆದು ಕೂಗುತ್ತಿದ್ದದ್ದು ಇನ್ನೂ ಕಿವಿಯಲ್ಲಿದೆ. ಸ್ಟೀಲ್ ತಟ್ಟೆ, ಲೋಟ, ಸೋಪಿನ ಡಬ್ಬಿ ಬಹುಮಾನ. ಅವರ ಮನೆಯಲ್ಲಿ ಊಟಕ್ಕೆ ಕೂತರೆ ಎಲ್ಲರ ಮುಂದೆಯೂ ಅವಳು ಗೆದ್ದ ತಟ್ಟೆ. ಅವಳ ಓಟ ಜಿಲ್ಲೆ ದಾಟಿ ರಾಜ್ಯ ಮಟ್ಟಕ್ಕೆ ಹೋಯಿತು, ಅಲ್ಲಿಗೆ ನಿಂತಿತು. ಆದರೆ ಆ ಸರ್ಟಿಫಿಕೇಟುಗಳು ನಿಲ್ಲಲಿಲ್ಲ. ಸ್ಪೋರ್ಟ್ಸ್ ಕೋಟಾದಲ್ಲಿ ಪೊಲೀಸ್ ಕೆಲಸ ಸಿಕ್ಕಿತು, ಆ ಸಂಬಳದಲ್ಲಿ ಇಬ್ಬರು ತಮ್ಮಂದಿರು ಓದಿದರು.

ಮೆಟ್ಟಿಲ ಮೇಲೆ ಅಜ್ಜಿಗೆ ನಾನು ಇದನ್ನೇ ಹೇಳಬೇಕಿತ್ತು ಅನಿಸುತ್ತದೆ. ನಮ್ಮಲ್ಲಿ ನಂಬರ್ ಕೇಳುವುದು ಬರೀ ಜಂಭಕ್ಕಲ್ಲ. ರೈಲ್ವೇ, ಪೊಲೀಸ್, ಅಂಚೆ ಕಚೇರಿ, ಎಲ್ಲದರ ಬಾಗಿಲಲ್ಲೂ ಆ ನಂಬರ್ ಕೇಳುತ್ತಾರೆ. ಗೆದ್ದರೂ ಸೋತರೂ ಊಟ, ಶಾಲೆ, ಆಸ್ಪತ್ರೆ ಸಿಗುವ ಊರಿನಲ್ಲಿ ಮಕ್ಕಳಿಗೆ ಎಣಿಸದೆ ಆಡಿ ಅನ್ನೋದು ಸುಲಭ. ಆದರೂ ಕ್ಲಾಸಿಗೆ ವಾಪಸ್ ಹೋದ ನಾವು ಅಷ್ಟು ಜನ ಇದ್ದೆವಲ್ಲ, ನಮಗೊಂದು ಚೆಂಡು ಕೊಟ್ಟು ಅಲ್ಲೇ ಬಿಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು? ಧಿನಿಧಿಯನ್ನೇ ನೋಡಿ. ಮಾತು ಕಡಿಮೆ, ಸಂಕೋಚದ ಮಗು, ನಾಲ್ಕು ಜನರ ಜೊತೆ ಬೆರೆಯಲಿ ಅಂತ ಅಪ್ಪ ಅಮ್ಮ ಕೊಳಕ್ಕೆ ಕರೆದುಕೊಂಡು ಹೋಗಿದ್ದಂತೆ. ಮೊದಮೊದಲು ನೀರು ಕಂಡರೆ ಭಯವಂತೆ. ಪದಕಕ್ಕೆ ಅಂತ ಇಳಿಸಿದ್ದಲ್ಲ. 14ಕ್ಕೆ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋಗಿ ಬಂದಳು, ಭಾರತ ತಂಡದಲ್ಲೇ ಎಲ್ಲರಿಗಿಂತ ಚಿಕ್ಕವಳು.

ಮೊನ್ನೆ ಆ ಗೆಳತಿಗೆ ವಾಟ್ಸಾಪ್‌ನಲ್ಲಿ ಮಗಳ ಫೋಟೋ ಕಳಿಸಿದೆ. ಎಲ್ಲರಿಗೂ ಪದಕ ಕೊಡುವ ಸಂಗತಿಯನ್ನೂ ಬರೆದೆ. ಡ್ಯೂಟಿ ಮುಗಿಸಿ ರಾತ್ರಿ ವಾಯ್ಸ್ ಮೆಸೇಜ್ ಹಾಕಿದಳು. ಅವಳ ಮಗಳು ಖೋ ಖೋ ಆಡುತ್ತಾಳಂತೆ, ಅಂಥಾ ಓಟವೇನೂ ಇಲ್ಲವಂತೆ, ಆದರೆ ಭಾನುವಾರ ಬೆಳಿಗ್ಗೆ ಎಬ್ಬಿಸುವ ಮುಂಚೆಯೇ ಎದ್ದು ಶೂ ಹಾಕಿಕೊಂಡಿರುತ್ತಾಳಂತೆ. ಜೋರಾಗಿ ನಕ್ಕಳು. ಆಮೇಲೆ ಏನೋ ಜ್ಞಾಪಕ ಬಂದ ಹಾಗೆ, "ಅದಿರಲಿ, ಪದಕದ ಜೊತೆ ಸರ್ಟಿಫಿಕೇಟ್ ಕೊಟ್ರಾ ಇಲ್ವಾ? ಕೊಟ್ಟಿದ್ರೆ ಲ್ಯಾಮಿನೇಷನ್ ಮಾತ್ರ ಮಾಡಿಸ್ಬೇಡ ಕಣೆ, ವೆರಿಫಿಕೇಷನ್‌ನಲ್ಲಿ ತಕರಾರು ತೆಗೀತಾರೆ" ಎಂದಳು.