ಮೈನಿಂಗ್ ಓದಿ ದೊಡ್ಡ ಆಫೀಸರ್ ಆದ್ಮೇಲೂ ಕೆಳಗಿಳೀಬೇಕಾ?

ಸುರತ್ಕಲ್‌ನಲ್ಲಿ ಮಗನಿಗೋ ಮಗಳಿಗೋ ಮೈನಿಂಗ್ ಸೀಟ್ ಸಿಕ್ತು ಅಂದ ತಕ್ಷಣ ಪರಿಚಯದೋರು ಯಾರಾದ್ರೂ ನನ್ನ ನಂಬರ್ ಕೊಟ್ಬಿಡ್ತಾರೆ, ಫೋನ್ ಮಾಡಿದ ಅಪ್ಪಂದಿರು ಅದೂ ಇದೂ ಮಾತಾಡಿ ಕೊನೆಗೆ ಬಂದು ನಿಲ್ಲೋದು ಒಂದೇ ಕಡೆ. "ಸರ್, ಕೋಲ್ ಇಂಡಿಯಾ ಸೇರಿದ್ರೆ ಎಷ್ಟು ವರ್ಷ ಗಣಿ ಒಳಗೆ ಇಳೀಬೇಕು? ಪ್ರಮೋಷನ್ ಆಗಿ ದೊಡ್ಡ ಆಫೀಸರ್ ಆದ್ಮೇಲೆ ಮೇಲೇ ಇರಬೋದಲ್ವಾ?" ಫೋನಲ್ಲಿ ಅರ್ಧಂಬರ್ಧ ಹೇಳೋ ಬದ್ಲು ಇಲ್ಲಿ ಪೂರ್ತಿ ಬರೀತೀನಿ.

ಪೇಪರ್ ಪ್ರಕಾರ ಉತ್ತರ ಸುಲಭ. ಮ್ಯಾನೇಜ್‌ಮೆಂಟ್ ಟ್ರೇನಿ ಆಗಿ ಇ-2 ಗ್ರೇಡಲ್ಲಿ ಸೇರ್ತಾರೆ, ಇ-8 ಅಂದ್ರೆ ಜನರಲ್ ಮ್ಯಾನೇಜರ್, ಅದರ ಮೇಲೆ ಡೈರೆಕ್ಟರ್, ಚೇರ್ಮನ್. ಆದ್ರೆ ಈ ಗ್ರೇಡಿಗಿಂತ ದೊಡ್ಡದು ಇನ್ನೊಂದಿದೆ, ಧನಬಾದಿನ ಡಿಜಿಎಂಎಸ್, ಅಂದ್ರೆ ಗಣಿ ಸುರಕ್ಷತೆ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ, ಕೊಡೋ ಫಸ್ಟ್ ಕ್ಲಾಸ್ ಮ್ಯಾನೇಜರ್ ಸರ್ಟಿಫಿಕೇಟ್. ಅದಕ್ಕೆ ಡಿಗ್ರಿ ಸಾಲಲ್ಲ, ಗಣಿ ಒಳಗಿನ ಅನುಭವ ಬೇಕು, ಒಳಗಿನ ಅಪಾಯದ ಗ್ಯಾಸ್ ಪತ್ತೆ ಮಾಡೋ ಗ್ಯಾಸ್ ಟೆಸ್ಟಿಂಗ್ ಸರ್ಟಿಫಿಕೇಟ್ ಬೇಕು, ಫಸ್ಟ್ ಏಡ್ ಸರ್ಟಿಫಿಕೇಟ್ ಬೇಕು. ಕಾನೂನು ಪ್ರಕಾರ ಪ್ರತಿ ಗಣಿಗೂ ಒಬ್ಬ ಮ್ಯಾನೇಜರ್ ಇರಲೇಬೇಕು, ಒಳಗೆ ಏನಾದ್ರೂ ಆದ್ರೆ ಕಾನೂನು ಮೊದಲು ಕೇಳೋದು ಅವರ ಹೆಸರನ್ನೇ. ಹಾಗಾಗಿ ಕಲ್ಲಿದ್ದಲಲ್ಲಿ ಆಫೀಸರ್ ಮೇಲಕ್ಕೇರಿದಷ್ಟೂ ಕೆಳಗಿನವರ ಜೀವದ ಭಾರ ಜಾಸ್ತಿ ಆಗತ್ತೇ ಹೊರತು ಕಡಿಮೆ ಆಗಲ್ಲ. ಇದನ್ನ ಬರೀ ಬಾಯಲ್ಲಿ ಹೇಳಿದ್ರೆ ಯಾರಿಗೂ ನಾಟಲ್ಲ, ಅದಕ್ಕೇ ನಾನು ಜಸ್ವಂತ್ ಸಿಂಗ್ ಗಿಲ್ ಅವ್ರ ಬಗ್ಗೆ ಹೇಳ್ತೀನಿ.

ಗಿಲ್ ಅಮೃತಸರ ಜಿಲ್ಲೆ ಸಠಿಯಾಲಾದವರು, ಖಾಲ್ಸಾ ಕಾಲೇಜಲ್ಲಿ ಓದಿ ಆಮೇಲೆ ಧನಬಾದಿನ ಇಂಡಿಯನ್ ಸ್ಕೂಲ್ ಆಫ್ ಮೈನ್ಸ್‌ಗೆ ಹೋಗಿ 1965ರಲ್ಲಿ ಎಂಜಿನಿಯರ್ ಆಗಿ ಹೊರಬಂದ್ರು. ಆಗ ಗಣಿಗಳೆಲ್ಲ ಹೆಚ್ಚಾಗಿ ಪ್ರೈವೇಟ್ ಮಾಲೀಕರ ಕೈಲಿದ್ವು, ಕೋಕಿಂಗ್ (ಉಕ್ಕು ತಯಾರಿಗೆ ಬಳಸೋ) ಜಾತಿ ಅಲ್ಲದ ಕಲ್ಲಿದ್ದಲ ಗಣಿಗಳು 1973ರಲ್ಲಿ ಸರ್ಕಾರಕ್ಕೆ ಬಂದ್ವು, 1975ರಲ್ಲಿ ಕೋಲ್ ಇಂಡಿಯಾ ಆಯ್ತು. ಅವ್ರ ಕೆರಿಯರ್ ಈ ಎರಡೂ ಕಾಲ ನೋಡಿದೆ.

1989ರ ನವೆಂಬರ್ 13ರ ರಾತ್ರಿ ಪಶ್ಚಿಮ ಬಂಗಾಳದ ರಾಣಿಗಂಜ್‌ನ ಮಹಾಬೀರ್ ಕೋಲಿಯರಿಲಿ ಬ್ಲಾಸ್ಟಿಂಗ್ ಮಾಡ್ತಿದ್ದಾಗ ಪಕ್ಕದ ಹಳೇ ಗಣಿಯ ನೀರು ಒಳಗೆ ನುಗ್ಗಿತು. ರಾಣಿಗಂಜಲ್ಲಿ 1774ರಿಂದಾನೂ ಕಲ್ಲಿದ್ದಲು ತೆಗೀತಿದಾರೆ, ನೆಲದ ಕೆಳಗೆಲ್ಲ ಬಿಟ್ಟುಹೋದ ಹಳೇ ಸುರಂಗಗಳು, ಅದ್ರಲ್ಲಿ ವರ್ಷಾನುಗಟ್ಟಲೆ ನಿಂತ ನೀರು. ಅದಕ್ಕೇ ರೂಲ್ಸಲ್ಲಿ ನೀರು ತುಂಬಿದ ಹಳೇ ಜಾಗದಿಂದ 60 ಮೀಟರ್ ಒಳಗೆ ಪರ್ಮಿಷನ್ ಇಲ್ದೆ ಕೆಲಸ ಮಾಡೋ ಹಾಗಿಲ್ಲ. ಮಧ್ಯದ ಗೋಡೆ ಎಲ್ಲಿ ತೆಳ್ಳಗಿದೆ ಅಂತ ಪ್ಲ್ಯಾನ್ ಸರಿಯಿಲ್ಲದಿದ್ರೆ ಗೊತ್ತಾಗೋದೇ ಇಲ್ಲ. 1975ರ ಡಿಸೆಂಬರಲ್ಲಿ ಧನಬಾದ್ ಹತ್ರದ ಚಾಸ್‌ನಾಲಾ ಗಣೀಲಿ ಹೀಗೇ ನೀರು ನುಗ್ಗಿ 370ಕ್ಕೂ ಹೆಚ್ಚು ಜನ ಹೋಗಿದ್ರು, ಅದು ಆಗಿನ್ನೂ ಎಲ್ಲರ ತಲೇಲಿತ್ತು. ಮಹಾಬೀರಲ್ಲಿ ಡೋಲಿ ಹತ್ರ ಇದ್ದವರು ಮೇಲೆ ಬಂದ್ರು, ಡೋಲಿ ಅಂದ್ರೆ ನಾವು ಗಣಿಗೆ ಇಳಿಯೋ ಲಿಫ್ಟು. ನೀರು ಏರಿ ಆ ದಾರೀನೂ ಮುಚ್ಚಿಹೋಯ್ತು, ಕೆಳಗೆ ಉಳಿದೋರು 71 ಜನ. ಅದ್ರಲ್ಲಿ 6 ಜನ ಮುಳುಗಿ ತೀರ್ಕೊಂಡ್ರು.

ಉಳಿದ 65 ಜನರ ಹತ್ರ ಹೋಗೋಕೆ ಇದ್ದದ್ದು ಒಂದೇ ದಾರಿ, ಮೇಲಿಂದ ನೇರ ತೂತು ಕೊರೆಯೋದು. ಮೊದಲು ಸಣ್ಣ ಬೋರ್ ಹೊಡೆದು ಊಟ ನೀರು ಇಳಿಸಿದ್ರು. ಗಿಲ್ ಹೇಳಿದ್ದು ಏನಂದ್ರೆ, 22 ಇಂಚಿನ ಬೋರ್ ಹೊಡೀರಿ, ಒಬ್ಬ ಮನುಷ್ಯ ನಿಲ್ಲೋ ಅಷ್ಟು ಸ್ಟೀಲ್ ಕ್ಯಾಪ್ಸೂಲ್ ಮಾಡ್ಸಿ ಹಗ್ಗಕ್ಕೆ ಕಟ್ಟಿ ಇಳಿಸೋಣ, ಒಬ್ಬೊಬ್ಬರನ್ನೇ ಎಳೆಯೋಣ. ಜರ್ಮನಿಲಿ 1955ರಿಂದ ಈ ಥರ ಕ್ಯಾಪ್ಸೂಲ್ ಇತ್ತು, 1963ರಲ್ಲಿ ಲೆಂಗೆಡೆ ಗಣೀಲಿ 11 ಜನರನ್ನ ಹೀಗೇ ಎತ್ತಿದ್ರು, ಆದ್ರೆ ನಮ್ಮ ದೇಶದಲ್ಲಿ ಇದೇ ಮೊದಲು, ಕೊಂಡು ತರೋಕೆ ಎಲ್ಲೂ ಸಿಗಲ್ಲ, ಅಲ್ಲೇ ವೆಲ್ಡಿಂಗ್ ಮಾಡಿಸಬೇಕು. 22 ಇಂಚು ಅಂದ್ರೆ ಎಷ್ಟು ಅಂತ ಒಂದ್ಸಲ ಟೇಪ್ ಹಿಡಿದು ನೋಡಿ. ಮೊಣಕೈ ಅಗಲಿಸಿದ್ರೆ ಎರಡೂ ಕಡೆ ತಗಲತ್ತೆ, ಅದೂ ಬೋರಿನ ಅಳತೆ, ಕ್ಯಾಪ್ಸೂಲ್ ಅದಕ್ಕಿಂತ ಸಣ್ಣದಿರಬೇಕು. ಬೋರ್ ಒಂಚೂರು ಸೊಟ್ಟ ಆಗಿದ್ರೂ ಮಧ್ಯದಲ್ಲಿ ಸಿಕ್ಕಾಕೊಂಡು ಮೇಲೂ ಇಲ್ಲ ಕೆಳಗೂ ಇಲ್ಲ.

16ರ ಬೆಳಗಿನ ಜಾವ ಕ್ಯಾಪ್ಸೂಲ್ ರೆಡಿ ಆದಾಗ ಗಿಲ್ ತಾನೇ ಇಳೀತೀನಿ ಅಂದ್ರು, ಮೇಲಿನವರು ಬೇಡ ಅಂದ್ರೂ ಕೇಳಲಿಲ್ಲ. ಆಗ ಅವ್ರಿಗೆ ಐವತ್ತರ ಆಸುಪಾಸು, ಸೀನಿಯರ್ ಆಫೀಸರ್, ಹೋಗ್ಲೇಬೇಕು ಅಂತ ಯಾವ ರೂಲೂ ಇರಲಿಲ್ಲ. ಜನ ಇದನ್ನ ಬರೀ ಧೈರ್ಯ ಅಂತಾರೆ, ನನಗೆ ಅದರಲ್ಲಿ ಕೆಲಸ ಗೊತ್ತಿರೋನ ತಲೆ ಕಾಣತ್ತೆ. ಮೂರು ದಿನದಿಂದ ಕತ್ತಲಲ್ಲಿ ನೀರಿನ ಪಕ್ಕ ಕೂತ 65 ಜನರ ಮುಂದೆ ಒಬ್ಬನೇ ಹಿಡಿಯೋ ಡಬ್ಬ ಇಳಿದ್ರೆ ಏನಾಗತ್ತೆ ಯೋಚ್ನೆ ಮಾಡಿ. ನೂಕುನುಗ್ಗಲು ಆಗಬಾರದು, ಯಾರು ಮೊದಲು ಅಂತ ಹೇಳೋಕೆ ಎಲ್ಲರೂ ಕೇಳೋ ಒಬ್ಬ ಮನುಷ್ಯ ಅಲ್ಲೇ ನಿಂತಿರಬೇಕು, ಮೇಲಿಂದ ಕೂಗಿದ್ರೆ ಆಗೋ ಕೆಲ್ಸ ಅಲ್ಲ ಅದು. ಏಟು ಬಿದ್ದವರನ್ನ, ಹುಷಾರಿಲ್ಲದವರನ್ನ ಮೊದಲು ಕಳಿಸಿದ್ರು. ಸುಮಾರು 6 ಗಂಟೇಲಿ 65 ಜನಾನೂ ಮೇಲೆ ಬಂದ್ರು, ಎಲ್ಲರೂ ಹೋದ ಮೇಲೆ ಕೊನೇದಾಗಿ ಗಿಲ್ ಬಂದ್ರು.

1991ರಲ್ಲಿ ರಾಷ್ಟ್ರಪತಿ ಆರ್. ವೆಂಕಟರಾಮನ್ ಅವ್ರಿಂದ ಸರ್ವೋತ್ತಮ ಜೀವನ ರಕ್ಷಾ ಪದಕ ಸಿಕ್ತು, ಜನ ಕ್ಯಾಪ್ಸೂಲ್ ಗಿಲ್ ಅಂತಾನೇ ಕರೆಯೋಕೆ ಶುರು ಮಾಡಿದ್ರು. ಕೋಲ್ ಇಂಡಿಯಾದ್ದೇ ಕಂಪನಿ ಭಾರತ್ ಕೋಕಿಂಗ್ ಕೋಲ್‌ನಲ್ಲಿ ಎಕ್ಸಿಕ್ಯುಟಿವ್ ಡೈರೆಕ್ಟರ್ ಆಗಿ, ಅದೂ ಸೇಫ್ಟಿ ಮತ್ತೆ ರೆಸ್ಕ್ಯೂ ನೋಡ್ಕೊಂಡು, 1998ರಲ್ಲಿ ರಿಟೈರ್ ಆದ್ರು. 2019ರ ನವೆಂಬರಲ್ಲಿ ಅಮೃತಸರದಲ್ಲಿ ತೀರ್ಕೊಂಡ್ರು. ಅವ್ರ ಕಥೆಯ ಮಿಷನ್ ರಾಣಿಗಂಜ್ ಸಿನಿಮಾ ಬಂದ ಮೇಲೆ ಹೆಸರು ಎಲ್ಲರಿಗೂ ಗೊತ್ತಾಗಿದೆ, ಬದುಕಿದ್ದಾಗಲೇ ಇನ್ನೂ ಜಾಸ್ತಿ ಗೊತ್ತಾಗಬೇಕಿತ್ತು ಅನ್ನೋದು ನನ್ನ ಸಂಕಟ.

ಇದಕ್ಕೆ ಪೂರ್ತಿ ಉಲ್ಟಾ ಇರೋ ಒಬ್ಬ ಎಕ್ಸಿಕ್ಯುಟಿವ್ ಹೆಸರೂ ಹೇಳಲೇಬೇಕು. ಅಮೆರಿಕಾದ ವೆಸ್ಟ್ ವರ್ಜೀನಿಯಾದಲ್ಲಿ ಮ್ಯಾಸಿ ಎನರ್ಜಿ ಕಂಪನಿ ನಡೆಸ್ತಿದ್ದ ಡಾನ್ ಬ್ಲಾಂಕೆನ್‌ಶಿಪ್. ಅಕೌಂಟಿಂಗ್ ಓದಿದವರು, ಅಪ್ಪರ್ ಬಿಗ್ ಬ್ರಾಂಚ್ ಗಣೀಲಿ ಎಷ್ಟು ಕಲ್ಲಿದ್ದಲು ಬಂತು ಅಂತ ಅರ್ಧ ಗಂಟೆಗೊಂದು ರಿಪೋರ್ಟ್ ಅವ್ರಿಗೆ ಹೋಗ್ತಿತ್ತು. 2010ರ ಏಪ್ರಿಲ್ 5ರಂದು ಅದೇ ಗಣೀಲಿ ಮೀಥೇನ್ ಹೊತ್ತಿ, ಆಮೇಲೆ ಕಲ್ಲಿದ್ದಲ ಧೂಳು ಸ್ಫೋಟ ಆಗಿ 29 ಜನ ಸತ್ರು. ಧೂಳು ಹೊತ್ತಿಕೊಳ್ಳದ ಹಾಗೆ ಸುಣ್ಣಕಲ್ಲಿನ ಪುಡಿ ಹಾಕ್ತಾರೆ, ನಾವಿಲ್ಲಿ ಸ್ಟೋನ್ ಡಸ್ಟಿಂಗ್ ಅಂತೀವಿ, ಅದು ಅಲ್ಲಿ ಸರಿಯಾಗಿ ಆಗಿರಲಿಲ್ಲ. ಸುರಕ್ಷತಾ ನಿಯಮ ಮುರಿಯೋಕೆ ಸಂಚು ಮಾಡಿದ್ದಕ್ಕೆ 2016ರಲ್ಲಿ ಬ್ಲಾಂಕೆನ್‌ಶಿಪ್‌ಗೆ ಒಂದು ವರ್ಷ ಜೈಲಾಯ್ತು. 29 ಜೀವಕ್ಕೆ ಒಂದು ವರ್ಷ, ಬರೆಯೋವಾಗಲೂ ಸಿಟ್ಟು ಬರತ್ತೆ. ಟನ್ ಲೆಕ್ಕ ಅರ್ಧ ಗಂಟೆಗೊಮ್ಮೆ ಕೇಳೋರು ಸ್ಟೋನ್ ಡಸ್ಟ್ ಹಾಕಿದ್ರಾ ಅಂತ ದಿನಕ್ಕೊಂದ್ಸಲ ಅಷ್ಟೇ ಗಟ್ಟಿಯಾಗಿ ಕೇಳಿದ್ರೆ ಗಣಿ ಬೇರೆ ಥರ ನಡೀತಿತ್ತು.

ಅಪ್ಪಂದಿರಿಗೆ ನಾನು ಹೇಳೋದು ಇಷ್ಟೇ. ಏಸಿ ರೂಮು ಸಿಗತ್ತೆ, ಕ್ವಾರ್ಟರ್ಸ್ ಸಿಗತ್ತೆ, ಸಂಬಳಾನೂ ಚೆನ್ನಾಗಿದೆ. ಕೆಳಗಿಳಿಯೋದು ಮಾತ್ರ ನಿಲ್ಲಲ್ಲ, ನಿಲ್ಲಿಸಿದ ಆಫೀಸರ್ ಮಾತನ್ನ ಕೆಳಗೆ ಕೆಲಸಗಾರರ ಮೇಲ್ವಿಚಾರಣೆ ಮಾಡೋ ಮೈನಿಂಗ್ ಸರ್ದಾರರೂ ಕೇಳಲ್ಲ. ಮಕ್ಕಳಿಗೆ ಅದು ಇಷ್ಟ ಇಲ್ಲ ಅಂದ್ರೆ ಈಗ್ಲೇ ಬ್ರಾಂಚ್ ಬದಲಾಯಿಸ್ಲಿ, ಅದರಲ್ಲಿ ತಪ್ಪೇನೂ ಇಲ್ಲ. ಇಷ್ಟ ಇದೆ ಅಂದ್ರೆ ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲೇ ಗ್ಯಾಸ್ ಟೆಸ್ಟಿಂಗ್ ಮುಗಿಸಲಿ, ರೆಸ್ಕ್ಯೂ ಟ್ರೇನಿಂಗ್‌ಗೆ ಹೆಸರು ಕೇಳಿದಾಗ ಹಿಂದೆ ಸರಿಯದೆ ಕೊಡಲಿ, ಹಳೇ ಗಣಿಗಳ ಪ್ಲ್ಯಾನ್ ಬಿಡಿಸಿ ನೋಡೋ ಅಭ್ಯಾಸ ಮಾಡ್ಕೊಳ್ಳಲಿ. ಇನ್ನೇನಾದ್ರೂ ಕೇಳೋದಿದ್ರೆ ಅವ್ರೇ ನೇರ ಫೋನ್ ಮಾಡ್ಲಿ, ಅಪ್ಪನ ಕೈಲಿ ಮಾಡ್ಸೋದು ಬೇಡ.